ಹಲವು ಸಮರಕಲೆಗಳನ್ನು ಕಲಿಸುವುದಕ್ಕೂ ಒಂದು ಕ್ರಮ ಬೇಕು

ಮಾನ್ಯ ಸಂಪಾದಕರಿಗೆ,

ಶಾಲೆಗಳು ತೆರೆಯುವ ಹೊತ್ತಿಗೆ ಮೈಸೂರಿನ ಕುವೆಂಪುನಗರ, ವಿಜಯನಗರ, ಸರಸ್ವತಿಪುರಂ ಕಡೆಯ ಬೀದಿಗಳಲ್ಲಿ ಸಮರಕಲೆ ತರಗತಿಗಳ ಫಲಕಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಮಕ್ಕಳು ಮೈ ಬಗ್ಗಿಸಿ ಬೆವರು ಸುರಿಸಲಿ ಎಂದು ಬಯಸುವ ನನ್ನಂಥ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕನಿಗೆ ಇದು ಸಂತೋಷದ ವಿಷಯವೇ. ಆದರೆ ಈಚಿನ ವರ್ಷಗಳಲ್ಲಿ ಆ ಫಲಕಗಳ ಮೇಲಿನ ಪಟ್ಟಿ ಉದ್ದವಾಗುತ್ತಾ ಬಂದಿದೆ. ಕರಾಟೆ, ಕುಂಗ್‌ಫೂ, ಟೇಕ್ವಾಂಡೊ, ಕಿಕ್‌ಬಾಕ್ಸಿಂಗ್, ಜೂಡೊ, ಕಳರಿಪಯಟ್ಟು, ದೊಣ್ಣೆವರಸೆ, ಎಲ್ಲವೂ ಒಂದೇ ಕಡೆ, ವಾರಕ್ಕೆ ಎರಡು ಮೂರು ಸಂಜೆ, ಎಲ್ಲಕ್ಕೂ ಒಬ್ಬರೇ ಮಾಸ್ಟರು. ಈ ಬಗೆಯ ಕಲಿಕೆಯಿಂದ ಮಕ್ಕಳಿಗೆ ಆಗುತ್ತಿರುವ ನಷ್ಟದ ಬಗ್ಗೆ, ಮತ್ತು ಹಲವು ಕಲೆಗಳನ್ನು ನಿಜವಾಗಿ ಕಲಿಯುವುದಕ್ಕೆ ನಮ್ಮ ಊರಿನಲ್ಲೇ ಇರುವ ಅನುಕೂಲದ ಬಗ್ಗೆ ಪೋಷಕರ, ಶಾಲೆಗಳ ಮತ್ತು ಕ್ರೀಡಾ ಇಲಾಖೆಯ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಒಬ್ಬರು ಒಂದಕ್ಕಿಂತ ಹೆಚ್ಚು ಕಲೆ ಕಲಿಯಬಾರದು ಎಂಬುದು ನನ್ನ ವಾದವಲ್ಲ. ನಾನೇ ಹುಡುಗನಾಗಿದ್ದಾಗ ನಮ್ಮ ಮೊಹಲ್ಲಾದ ಗರಡಿಯಲ್ಲಿ ಮಟ್ಟಿಯನ್ನು, ಅಂದರೆ ಕುಸ್ತಿ ಕಣದ ಮಣ್ಣನ್ನು, ಅಗೆದು ಸಾಮು ಮಾಡಿದವನು. ಆಮೇಲೆ ಜೂಡೊ, ಅದಾದ ಮೇಲೆ ಕರಾಟೆ ಕಲಿತೆ. ಒಂದೊಂದು ಕಲೆಯೂ ಅದರ ಹಿಂದಿನದನ್ನು ನನಗೆ ಇನ್ನಷ್ಟು ಸ್ಪಷ್ಟಪಡಿಸಿತು. ಕುಸ್ತಿ ಮಾತ್ರ ಬಲ್ಲವನಿಗೆ ದೂರದಿಂದ ಬರುವ ಒದೆತದ ಅಂದಾಜು ಇರುವುದಿಲ್ಲ. ಕರಾಟೆ ಮಾತ್ರ ಬಲ್ಲವನಿಗೆ ಎದುರಾಳಿ ಸೊಂಟಕ್ಕೆ ಕೈಹಾಕಿ ಹಿಡಿದ ಮೇಲೆ ಏನು ಮಾಡಬೇಕೆಂದು ತೋಚುವುದಿಲ್ಲ. ತನ್ನ ಕಲೆ ಎಲ್ಲಿಗೆ ಮುಗಿಯುತ್ತದೆ ಎಂಬುದು ಇನ್ನೊಂದು ಕಲೆಯವರ ಮುಂದೆ ನಿಂತಾಗಲೇ ತಿಳಿಯುವುದು. ಹಾಗಾಗಿ ನಾನು ಹೇಳಬೇಕೆಂದಿರುವುದು ಇಷ್ಟು: ಹಲವು ಕಲೆಗಳನ್ನು ಒಂದು ಕೈಗೂಡಿದ ಮೇಲೆ ಇನ್ನೊಂದರಂತೆ ಕಲಿಯಬೇಕು, ಒಂದೊಂದನ್ನೂ ಅದನ್ನು ಬಲ್ಲವರಿಂದಲೇ ಕಲಿಯಬೇಕು. ಏಳೆಂಟು ವರ್ಷದ ಮಗುವಿಗೆ ಐದಾರು ಕಲೆಗಳಿಂದ ಒಂದೊಂದು ವರಸೆ ಹೆಕ್ಕಿ ಒಂದೇ ಗಂಟೆಯಲ್ಲಿ ಹೇಳಿಕೊಟ್ಟರೆ ಅದು ಪ್ರದರ್ಶನಕ್ಕೆ ಆದೀತೇ ಹೊರತು ಕಲಿಕೆ ಆಗಲಾರದು.

ಎಲ್ಲವನ್ನೂ ಬೆರೆಸಿ ಕಲಿಸುವವರು ತಮ್ಮ ಸಮರ್ಥನೆಗೆ ದೊಡ್ಡವರ ಹೆಸರು ಹೇಳುವುದುಂಟು. ಆ ದೊಡ್ಡವರು ಕಲಿತ ರೀತಿಯನ್ನು ನೋಡಿದರೆ ಮಾತು ಬೇರೆಯೇ ಆಗುತ್ತದೆ. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಶಾಲೆ ಸ್ಥಾಪಿಸಿ ಜೂಡೊ ಕಲೆಗೆ ರೂಪ ಕೊಟ್ಟ ಜಿಗೊರೊ ಕಾನೊ ಅದಕ್ಕೆ ಮೊದಲು ಟೆನ್‌ಜಿನ್ ಶಿನ್ಯೊ ರ್‍ಯು, ಕಿಟೊ ರ್‍ಯು ಎಂಬ ಎರಡು ಜುಜುತ್ಸು (ಜಪಾನಿನ ಹಳೆಯ ಸೆಣಸಾಟದ ಕಲೆ) ಪರಂಪರೆಗಳನ್ನು ಬೇರೆ ಬೇರೆ ಗುರುಗಳ ಬಳಿ ಕೂತು ಕಲಿತಿದ್ದರು. ಬೆರೆಸುವಾಗಲೂ ಅವರು ಸಿಕ್ಕಿದ್ದನ್ನೆಲ್ಲ ಸೇರಿಸಲಿಲ್ಲ. ಅಪಾಯಕಾರಿ ಏಟುಗಳನ್ನು ಬಿಡಿ ಸೆಣಸಾಟದಿಂದ ತೆಗೆದು ಕಟಾ ಎಂಬ ಗೊತ್ತುಪಡಿಸಿದ ಅಭ್ಯಾಸದಲ್ಲಿ ಮಾತ್ರ ಉಳಿಸಿದರು. ವಿದ್ಯಾರ್ಥಿಗಳು ಪೂರ್ಣ ಬಲದಿಂದ ದಿನವೂ ಅಭ್ಯಾಸ ಮಾಡಿಯೂ ಊನವಾಗದೆ ಮನೆಗೆ ಹೋಗಬೇಕೆಂಬ ಯೋಚನೆ ಅದರ ಹಿಂದಿತ್ತು. ಶಿಟೊ ರ್‍ಯು ಕರಾಟೆಯ ಕೆನ್ವಾ ಮಬುನಿ ಒಕಿನಾವಾದ ಇಬ್ಬರು ಗುರುಗಳ, ಅಂದರೆ ಶುರಿಯ ಅಂಕೊ ಇಟೊಸು ಮತ್ತು ನಾಹಾದ ಕಾನ್ರ್‍ಯೊ ಹಿಗಾವೊನ್ನ ಅವರ, ಶಿಷ್ಯರಾಗಿದ್ದು ಇಬ್ಬರ ಕಟಾಗಳನ್ನೂ ತಮ್ಮ ಶೈಲಿಯಲ್ಲಿ ಉಳಿಸಿಕೊಂಡರು. ವಾಡೊ ರ್‍ಯು ಸ್ಥಾಪಿಸಿದ ಹಿರೊನೊರಿ ಒಟ್ಸುಕಾ 1922ರಲ್ಲಿ ಗಿಚಿನ್ ಫುನಾಕೊಶಿ ಅವರ ಬಳಿ ಕರಾಟೆ ಕಲಿಯಲು ಹೋದಾಗ ಎಳವೆಯಿಂದಲೇ ಜುಜುತ್ಸು ಕಲಿತು ಅದರಲ್ಲಿ ನುರಿತಿದ್ದವರು. ಬ್ರೂಸ್ ಲೀ ಕೂಡ ಹಾಂಗ್‌ಕಾಂಗಿನಲ್ಲಿ ಇಪ್ ಮ್ಯಾನ್ ಅವರ ಬಳಿ ವಿಂಗ್ ಚುನ್ ಕಲಿತು, ಅಮೆರಿಕದಲ್ಲಿ ವರ್ಷಗಟ್ಟಲೆ ಅಭ್ಯಾಸ ನಡೆಸಿ, ಆಮೇಲೆ 1967ರಲ್ಲಿ ತಮ್ಮ ಪದ್ಧತಿಗೆ ಜೀತ್ ಕುನ್ ಡೊ ಎಂದು ಹೆಸರಿಟ್ಟರು. ಇವರಲ್ಲಿ ಒಬ್ಬರೂ ಮಿಶ್ರಣದಿಂದ ಶುರುಮಾಡಲಿಲ್ಲ. ಮೊದಲು ಒಂದರಲ್ಲಿ ಬೇರು ಬಿಟ್ಟರು, ಆಮೇಲೆ ಇನ್ನೊಂದರ ಬಾಗಿಲು ತಟ್ಟಿದರು.

ಈ ಕ್ರಮ ಯಾಕೆ ಬೇಕು ಎಂಬುದಕ್ಕೆ ಸಂಪ್ರದಾಯದ ಮೇಲಿನ ಗೌರವವಷ್ಟೇ ಕಾರಣವಲ್ಲ. ಒಂದು ಕಲೆ ಮೈಗೆ ಕಲಿಸುವ ಅಭ್ಯಾಸವನ್ನೇ ಇನ್ನೊಂದು ಕಲೆ ತಪ್ಪೆಂದು ತಿದ್ದುತ್ತದೆ. ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್, ಅಂದರೆ ಸೋಲು. ಆದ್ದರಿಂದ ಪೈಲ್ವಾನನ ಮೈ ಏನೇ ಆದರೂ ಬೆನ್ನು ಕೊಡದೆ ಹೊಟ್ಟೆಯ ಮೇಲೆ ಹೊರಳಲು ಕಲಿಯುತ್ತದೆ. ಬ್ರೆಜಿಲಿಯನ್ ಜುಜುತ್ಸುವಿನಲ್ಲಿ ಅದೇ ಹೊರಳುವಿಕೆ ಎದುರಾಳಿಗೆ ಬೆನ್ನೇರಿ ಕತ್ತು ಬಿಗಿಯಲು ದಾರಿ ಮಾಡಿಕೊಡುತ್ತದೆ. ಅಲ್ಲಿ ಬೆನ್ನ ಮೇಲೆ ಮಲಗಿ ಎದುರಾಳಿಯನ್ನು ಕಾಲುಗಳ ನಡುವೆ ಹಿಡಿದಿಡುವುದು ಸೋಲಲ್ಲ, ಒಂದು ಮುಖ್ಯ ಪಟ್ಟು. ಕುಸ್ತಿಯವನು ತಲೆ ಮುಂದೆ ಮಾಡಿ, ಸೊಂಟ ತಗ್ಗಿಸಿ ನಿಲ್ಲುತ್ತಾನೆ. ಮೊಣಕಾಲಿನ ಏಟಿಗೆ ಅವಕಾಶವಿರುವ ಥಾಯ್ ಬಾಕ್ಸಿಂಗಿನಲ್ಲಿ ಹಾಗೆ ನಿಂತರೆ ಮುಖಕ್ಕೇ ಅಪಾಯ. ಟೇಕ್ವಾಂಡೊ ಸ್ಪರ್ಧೆಯಲ್ಲಿ ಮುಖಕ್ಕೆ ಕೈಯಿಂದ ಗುದ್ದುವಂತಿಲ್ಲ, ತಲೆಗೆ ಒದೆಯಬಹುದು. ಹೀಗಾಗಿ ಅಲ್ಲಿಯ ಮಕ್ಕಳು ಕೈಗಳನ್ನು ಕೆಳಗೆ ಬಿಟ್ಟುಕೊಂಡು ಕಾಲಿನ ಚುರುಕಿನ ಮೇಲೆ ಆಡುತ್ತಾರೆ. ಅದೇ ಅಭ್ಯಾಸ ಹೊತ್ತು ಬಾಕ್ಸಿಂಗ್ ರಿಂಗಿಗೆ ಇಳಿದ ಮಗು ಮೊದಲ ಕ್ಷಣದಲ್ಲೇ ಮೂಗಿಗೆ ಏಟು ತಿನ್ನುತ್ತದೆ. ಕರಾಟೆಯ ಕುಮಿಟೆಯಲ್ಲಿ, ಅಂದರೆ ಜೋಡಿ ಸೆಣಸಾಟದಲ್ಲಿ, ಏಟು ಗುರಿ ಮುಟ್ಟುವ ಹೊತ್ತಿಗೆ ಹಿಡಿತಕ್ಕೆ ಬರಬೇಕು, ಅತಿಯಾದರೆ ದಂಡ. ಕಿಕ್‌ಬಾಕ್ಸಿಂಗಿನಲ್ಲಿ ಏಟು ಗುರಿಯನ್ನು ಹಾದು ಹೋಗುವಂತೆ ಹೊಡೆಯಬೇಕು. ಎರಡು ಕಾಲು ಹಿಡಿದು ಉರುಳಿಸುವುದು ಕುಸ್ತಿಯವರಿಗೆ ಅಚ್ಚುಮೆಚ್ಚು. ಜೂಡೊದ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಕಾಲಿಗೆ ಕೈಹಾಕುವುದಕ್ಕೆ 2010ರಲ್ಲಿ ನಿರ್ಬಂಧ ಬಂದು 2013ರಿಂದ ಪೂರ್ಣ ನಿಷೇಧವಾಯಿತು. ನಮ್ಮ ನಾಡಕುಸ್ತಿಯಲ್ಲಿ ಲಂಗೋಟಿ ಹಿಡಿದು ಎತ್ತಬಹುದು, ಮ್ಯಾಟಿನ ಮೇಲಿನ ಫ್ರೀಸ್ಟೈಲಿನಲ್ಲಿ ಎದುರಾಳಿಯ ಉಡುಪು ಹಿಡಿಯುವಂತಿಲ್ಲ.

ಹತ್ತು ವರ್ಷ ಒಂದು ಕಲೆಯಲ್ಲಿ ಪಳಗಿದವನಿಗೆ ಇವೆಲ್ಲ ಸೊಗಸಾದ ವ್ಯತ್ಯಾಸಗಳು. ಅವನ್ನು ಗುರುತಿಸುವುದೇ ಅವನಿಗೆ ಒಂದು ಕಲಿಕೆ. ಇನ್ನೂ ಸರಿಯಾಗಿ ಕಾಲಿಟ್ಟು ನಿಲ್ಲಲು ಕಲಿಯುತ್ತಿರುವ ಮಗುವಿಗೆ ಮಾತ್ರ ಇವು ಗೊಂದಲ. ಮೈ ಕಲಿಯುವುದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದರಿಂದ. ಗಾಬರಿಯ ಹೊತ್ತಿನಲ್ಲಿ ಯೋಚಿಸಲು ಸಮಯವಿರುವುದಿಲ್ಲ, ಹೆಚ್ಚು ಬಾರಿ ಮಾಡಿದ್ದನ್ನೇ ಮೈ ಮಾಡುತ್ತದೆ. ಸೋಮವಾರ ಕರಾಟೆಯ ಉದ್ದ ನಿಲುವು, ಬುಧವಾರ ಟೇಕ್ವಾಂಡೊದ ಕಿರಿದಾದ ನಿಲುವು, ಶುಕ್ರವಾರ ಕುಸ್ತಿಯ ತಗ್ಗಿದ ನಿಲುವು ಅಭ್ಯಾಸ ಮಾಡಿದ ಮಗುವಿನಲ್ಲಿ ಯಾವುದೂ ಆಳಕ್ಕೆ ಇಳಿದಿರುವುದಿಲ್ಲ. ಸಂಗೀತದ ಮೇಷ್ಟ್ರು ಸರಳೆ ವರಸೆ ಮುಗಿಯದ ಮಗುವಿಗೆ ಅದೇ ವಾರ ವೀಣೆ, ಪಿಟೀಲು, ಮೃದಂಗ ಮೂರನ್ನೂ ಕೊಡುವುದಿಲ್ಲ. ಕೊಟ್ಟರೆ ಪೋಷಕರೇ ಪ್ರಶ್ನಿಸುತ್ತಾರೆ. ಸಮರಕಲೆಯ ವಿಷಯದಲ್ಲಿ ನಾವು ಆ ಪ್ರಶ್ನೆ ಕೇಳುತ್ತಿಲ್ಲ.

ಎಲ್ಲ ಕಲೆಗಳಿಗೂ ಸಾಮಾನ್ಯವಾದ, ಯಾವ ಕಲೆಯ ಹುಡುಗನಿಗಾದರೂ ಮೊದಲ ತಿಂಗಳಲ್ಲೇ ಕಲಿಸಬೇಕಾದ ಒಂದು ವಿದ್ಯೆ ಇದ್ದರೆ ಅದು ಬೀಳುವ ವಿದ್ಯೆ. ಜೂಡೊದಲ್ಲಿ ಇದನ್ನು ಉಕೆಮಿ ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು ತಲೆಯ ಹಿಂಬದಿ ನೆಲಕ್ಕೆ ಬಡಿಯದಂತೆ ನೋಡಿಕೊಳ್ಳುವುದು, ಬೆನ್ನನ್ನು ದುಂಡಗೆ ಮಾಡಿ ಉರುಳುವುದು, ತೋಳನ್ನು ಪೂರ್ತಿಯಾಗಿ ನೆಲಕ್ಕೆ ಬಡಿದು ಬಿದ್ದ ಬಲವನ್ನು ಹಂಚುವುದು. ಇದು ಬರದ ಮಗು ಬೀಳುವಾಗ ಸಹಜವಾಗಿಯೇ ಅಂಗೈಯನ್ನು ಹಿಂದೆ ಊರುತ್ತದೆ, ಆಗ ಮಣಿಕಟ್ಟೋ ಮುಂಗೈಯೋ ಮೊಣಕೈಯೋ ಮುರಿಯುತ್ತದೆ. ಕುಸ್ತಿಯ ಮಟ್ಟಿ ಮೆತ್ತಗಿರುತ್ತದೆ, ಜೂಡೊಗೆ ತಾತಾಮಿ ಮ್ಯಾಟು ಇರುತ್ತದೆ. ಆದರೆ ನಮ್ಮ ಊರಿನ ಎಷ್ಟೋ ತರಗತಿಗಳು ನಡೆಯುವುದು ಶಾಲೆಯ ಸಿಮೆಂಟ್ ಅಂಗಳದಲ್ಲಿ, ಕಲ್ಯಾಣಮಂಟಪದ ಮಹಡಿಯಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಟೈಲ್ಸ್ ಮೇಲೆ. ಕರಾಟೆಯ ಕಟಾಕ್ಕೆ ಆ ಜಾಗ ಸಾಕು. ಅದೇ ಜಾಗದಲ್ಲಿ ಫಲಕದಲ್ಲಿ ಬರೆದ ಮಾತಿಗೆ ತಕ್ಕಂತೆ ಜೂಡೊ ಎಸೆತವನ್ನೂ ಸೇರಿಸಿ ತೋರಿಸುವುದು ಅಪರಾಧಕ್ಕೆ ಸಮ ಎಂದು ನಾನು ಹೇಳಿದರೆ ಅತಿಶಯವಾಗದು. ಬೇಸಿಗೆ ಶಿಬಿರವೊಂದರಲ್ಲಿ ಹೀಗೆ ಎಸೆತ ತೋರಿಸುವಾಗ ನನ್ನ ಪರಿಚಿತರ ಮೊಮ್ಮಗನ ಮುಂಗೈ ಮುರಿಯಿತು. ಆ ಹುಡುಗನಿಗೆ ಒಂದು ದಿನವೂ ಬೀಳುವ ಅಭ್ಯಾಸ ಮಾಡಿಸಿರಲಿಲ್ಲ, ಮತ್ತು ಎಸೆದ ಮಾಸ್ಟರು ಜೂಡೊವನ್ನು ವಿಡಿಯೊ ನೋಡಿ ಕಲಿತವರು.

ತಲೆಗೆ ಏಟು ಬಿದ್ದ ವಿಷಯವಂತೂ ಇನ್ನೂ ಗಂಭೀರ. ತಲೆ ಸುತ್ತು, ವಾಂತಿ, ಮಂಕು, ಬೆಳಕು ಸಹಿಸಲಾಗದಿರುವುದು ಇವುಗಳಲ್ಲಿ ಒಂದು ಕಂಡರೂ ಆ ಮಗುವನ್ನು ಆ ದಿನ ಅಭ್ಯಾಸಕ್ಕೆ ಮರಳಿಸಬಾರದು, ವೈದ್ಯರು ನೋಡಿ ಒಪ್ಪುವವರೆಗೆ ಸೆಣಸಾಟ ಬೇಡ. ಒಂದು ಕಲೆಯಲ್ಲಿ ತರಬೇತಿ ಪಡೆದ ಕೋಚ್‌ಗೆ ಇದು ಗೊತ್ತಿರುತ್ತದೆ. ವಾರಕ್ಕೊಂದು ಕಲೆ ಬದಲಿಸುವ ಕಡೆ ಹೆಲ್ಮೆಟ್ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ. ಎರಡನೆಯ ಕಲೆ ಹುಡುಕಿಕೊಂಡು ಮೈಸೂರಿನ ಮಕ್ಕಳು ದೂರ ಹೋಗಬೇಕಾಗಿಲ್ಲ. ಹಳೆಯ ಮೊಹಲ್ಲಾಗಳಲ್ಲಿ ಇನ್ನೂ ಗರಡಿಮನೆಗಳಿವೆ, ಉಸ್ತಾದರಿದ್ದಾರೆ, ಅರಿಸಿನ, ಎಣ್ಣೆ, ಮಜ್ಜಿಗೆ ಹಾಕಿ ಹದಮಾಡಿದ ಕೆಮ್ಮಣ್ಣಿನ ಮಟ್ಟಿ ಇದೆ. ಹಳೆಯ ಗರಡಿಗಳಲ್ಲಿ ಕುಸ್ತಿಯ ಜತೆಗೆ ದೊಣ್ಣೆವರಸೆ, ಕತ್ತಿವರಸೆಯ ತಾಲೀಮೂ ನಡೆಯುತ್ತಿತ್ತು. ಅಂದರೆ ಒಂದೇ ಮನೆಯಲ್ಲಿ ಹಲವು ವಿದ್ಯೆ ಎಂಬುದು ನಮಗೆ ಹೊಸದೇನೂ ಅಲ್ಲ. ಅಲ್ಲಿ ಕ್ರಮವಿತ್ತು. ಹೊಸ ಹುಡುಗನಿಗೆ ಮೊದಲು ಮಟ್ಟಿ ಅಗೆಯುವ ಕೆಲಸ, ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸುವುದು. ಉಸಿರು, ಸೊಂಟ, ಕತ್ತು ಗಟ್ಟಿಯಾದ ಮೇಲೆ ಜೊತೆಗಾರನೊಡನೆ ಪಟ್ಟು. ದೊಣ್ಣೆ ಕೈಗೆ ಬರುತ್ತಿದ್ದದ್ದು ಉಸ್ತಾದರು ಯೋಗ್ಯನೆಂದು ಕಂಡಾಗ. ದಸರೆಯ ವಿಜಯದಶಮಿಯಂದು ಜಂಬೂಸವಾರಿಗೆ ಮೊದಲು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೋಡಿದವರಿಗೆ ಅದು ಮೊದಲ ರಕ್ತದ ಹನಿಗೆ ಮುಗಿಯುತ್ತದೆಂದು ಗೊತ್ತು. ಮುಷ್ಟಿಯುದ್ಧವೂ ಮಲ್ಲಯುದ್ಧವೂ ಕೂಡಿದ ಆ ವಿದ್ಯೆಯನ್ನು ಜಟ್ಟಿಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದು ಸಾಮಿನ ಶಿಸ್ತಿನಿಂದ. ಗುದ್ದನ್ನೂ ಪಟ್ಟನ್ನೂ ಬೆರೆಸುವುದಕ್ಕೆ ಹೊರಗಿನಿಂದಲೇ ಮಾದರಿ ತರಬೇಕೆಂದು ಮೈಸೂರಿನಲ್ಲಿ ಕೂತು ಹೇಳುವುದು ಸರಿಯಲ್ಲ.

ನೆರೆಯ ಕೇರಳದ ಕಳರಿಯಲ್ಲೂ ಇಂಥದೇ ಕಟ್ಟುನಿಟ್ಟು. ಮೊದಲ ಹಂತ ಮೆಯ್‌ತಾರಿ, ಅಂದರೆ ಮೈಯನ್ನು ಹದಗೊಳಿಸುವ ಅಭ್ಯಾಸ; ಎರಡನೆಯದು ಕೋಲ್‌ತಾರಿ, ಕೋಲಿನ ವರಸೆಗಳು; ಮೂರನೆಯದು ಅಂಕತಾರಿ, ಲೋಹದ ಆಯುಧಗಳು; ಬರಿಗೈಯ ಕಾಳಗ ಬರುವುದು ಕಟ್ಟಕಡೆಗೆ. ಕರಾಟೆಯಲ್ಲಿ ಬರಿಗೈಯಿಂದ ಶುರು, ಕಳರಿಯಲ್ಲಿ ಬರಿಗೈ ಕೊನೆ. ಎರಡನ್ನೂ ಒಂದೇ ತರಗತಿಯಲ್ಲಿ ಬೆರೆಸುವವರು ಯಾವುದರ ಕ್ರಮವನ್ನು ಪಾಲಿಸುತ್ತಾರೆ? ನಾನು ಕಂಡ ಶಾಲಾ ವಾರ್ಷಿಕೋತ್ಸವಗಳಲ್ಲಿ ಹೊಸದಾಗಿ ಸೇರಿದ ಮಕ್ಕಳ ಕೈಗೂ ಕತ್ತಿ ಗುರಾಣಿ ಕೊಟ್ಟು ವೇದಿಕೆಯ ಮೇಲೆ ಕುಣಿಸಿದ್ದಾರೆ. ಚಪ್ಪಾಳೆ ಬಿತ್ತು. ಕಳರಿಯ ಗುರುಗಳು ನೋಡಿದ್ದರೆ ನೊಂದುಕೊಳ್ಳುತ್ತಿದ್ದರು.

ಗರಡಿಯ ಮಣ್ಣಿನಿಂದ ಮ್ಯಾಟಿಗೆ ಹೋಗುವುದು ಸಾಧ್ಯ ಎಂಬುದಕ್ಕೆ ಖಾಶಾಬಾ ಜಾಧವ್ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೊಲ್ಹಾಪುರದ ಕಡೆಯ ಮಣ್ಣಿನ ಅಖಾಡದಲ್ಲಿ ಬೆಳೆದ ಅವರು 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟೂ ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆರನೆಯ ಸ್ಥಾನ ಸಿಕ್ಕಿತು. ನಾಲ್ಕು ವರ್ಷ ಆ ಎರಡನೆಯ ವಿದ್ಯೆಗೆ ಮೈ ಒಗ್ಗಿಸಿ 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಮಣ್ಣಿನ ಕುಸ್ತಿಯನ್ನು ಅವರು ಬಿಡಲಿಲ್ಲ, ಅದರ ಮೇಲೆ ಇನ್ನೊಂದನ್ನು ಕಟ್ಟಿದರು. ರಷ್ಯದವರು ಇದೇ ಕೆಲಸವನ್ನು ಒಂದು ದೇಶದ ಮಟ್ಟದಲ್ಲಿ ಮಾಡಿದರು. ಕೊಡೊಕಾನಿನಲ್ಲಿ ಜೂಡೊ ಕಲಿತ ವಾಸಿಲಿ ಒಶ್ಚೆಪ್ಕೊವ್ ಅವರ ಪಾಠವೂ ಅಲ್ಲಿನ ಬೇರೆ ಬೇರೆ ಜನಾಂಗಗಳ ನಾಡಕುಸ್ತಿಗಳೂ ಕೂಡಿ ಸಾಂಬೊ ಎಂಬ ಕುಸ್ತಿ ಬೆಳೆಯಿತು, 1938ರಲ್ಲಿ ಸೋವಿಯತ್ ಕ್ರೀಡಾ ಸಮಿತಿಯ ಮನ್ನಣೆಯೂ ದೊರೆಯಿತು. ನಾಡಕುಸ್ತಿಯನ್ನು ಹಳೆಯದೆಂದು ತಳ್ಳದೆ ಜೂಡೊದ ಪಕ್ಕದಲ್ಲಿ ಕೂರಿಸಿದ್ದರಿಂದ ಅವರಿಗೆ ದೊರೆತ ಫಲ ಅದು. ಮೈಸೂರಿನಲ್ಲಿ ಜೂಡೊ ಕಲಿಯುವ ಹುಡುಗರು ಒಂದು ಕಡೆ, ಗರಡಿಯ ಹುಡುಗರು ಇನ್ನೊಂದು ಕಡೆ, ನಡುವೆ ಅರ್ಧ ಗಂಟೆಯ ಸೈಕಲ್ ದಾರಿ ಇದ್ದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂಬುದು ನನಗೆ ಬಹಳ ದಿನದಿಂದ ಇರುವ ಸಂಕಟ.

ಪೋಷಕರು ಬೆಲ್ಟಿನ ಬಣ್ಣಕ್ಕೆ ಮರುಳಾಗಬಾರದು ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು. ದರ್ಜೆಯ ಪದ್ಧತಿ ಸಾವಿರ ವರ್ಷದ ಪರಂಪರೆಯೇನೂ ಅಲ್ಲ. ಕಾನೊ ಅದನ್ನು ಜೂಡೊಗೆ ತಂದರು, ಫುನಾಕೊಶಿ 1924ರಲ್ಲಿ ಕರಾಟೆಗೆ ತೆಗೆದುಕೊಂಡರು. ಕಲಿಯುವವನು ಎಲ್ಲಿಗೆ ಬಂದಿದ್ದಾನೆಂದು ಗುರುವಿಗೂ ಅವನಿಗೂ ತಿಳಿಯಲಿ ಎಂಬುದಕ್ಕೆ ಅದು ಉಪಯುಕ್ತ. ಆದರೆ ಒಂದು ಕಲೆಯ ಕಪ್ಪು ಬೆಲ್ಟು ಇನ್ನೊಂದು ಕಲೆಯನ್ನು ಕಲಿಸುವ ಪರವಾನಗಿ ಅಲ್ಲ. ಕರಾಟೆಯಲ್ಲಿ ಮೂರನೇ ಡಾನ್ (ಕಪ್ಪು ಬೆಲ್ಟಿನ ಮೂರನೇ ದರ್ಜೆ) ಆದವರು ಜೂಡೊ ಕಲಿಯಲು ಹೋದರೆ ಬಿಳಿ ಬೆಲ್ಟು ಕಟ್ಟಿ ಕೊನೆಯ ಸಾಲಿನಲ್ಲಿ ನಿಲ್ಲಬೇಕು. ನಿಂತವರನ್ನು ನಾನು ಕಂಡಿದ್ದೇನೆ, ಅಂಥವರ ಬಗ್ಗೆ ನನಗೆ ಅಪಾರ ಗೌರವವಿದೆ. ಅವರು ಮರಳಿ ತಮ್ಮ ತರಗತಿಗೆ ಬಂದು ಮಕ್ಕಳಿಗೆ, ಇದು ನಾನು ಇನ್ನೂ ಕಲಿಯುತ್ತಿರುವುದು, ಇದನ್ನು ನಿಮಗೆ ಕಲಿಸಲು ಬೇರೆಯವರು ಬರುತ್ತಾರೆ ಎಂದು ಹೇಳುತ್ತಾರೆ. ಮಗುವನ್ನು ಸೇರಿಸುವ ತಂದೆತಾಯಿ ಮಾಸ್ಟರನ್ನು ವಿನಯದಿಂದಲೇ ಕೇಳಬಹುದು: ಈ ಪಟ್ಟಿಯಲ್ಲಿರುವ ಒಂದೊಂದು ಕಲೆಯನ್ನೂ ನೀವು ಯಾರ ಬಳಿ, ಎಷ್ಟು ವರ್ಷ ಕಲಿತಿರಿ? ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿಯಂಥದ್ದು ಏನಾದರೂ ಆಗಿದೆಯೇ? ಮಗು ಬಿದ್ದು ಪೆಟ್ಟಾದರೆ ಇಲ್ಲಿ ಯಾರು ನೋಡುತ್ತಾರೆ? ನೇರವಾಗಿ ಉತ್ತರಿಸುವವರು ಸಾಕಷ್ಟು ಜನ ಇದ್ದಾರೆ. ಪ್ರಶ್ನೆಯಿಂದಲೇ ಸಿಟ್ಟಾಗುವವರ ಬಳಿ ಮಗುವನ್ನು ಬಿಡದಿರುವುದು ಮೇಲು.

ಹೆಣ್ಣುಮಕ್ಕಳ ಆತ್ಮರಕ್ಷಣೆಯ ತರಬೇತಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಮೂರು ತಿಂಗಳ ತರಬೇತಿಗೆ ಅವಕಾಶವಿದೆ. ಯೋಜನೆ ಒಳ್ಳೆಯದು, ಕಾಲ ಕಡಿಮೆ. ಇಷ್ಟು ಕಡಿಮೆ ಕಾಲ ಇರುವುದರಿಂದಲೇ ಅದನ್ನು ನಾಲ್ಕು ಕಲೆಗಳ ರುಚಿ ತೋರಿಸಲು ಖರ್ಚು ಮಾಡಬಾರದು. ಮಣಿಕಟ್ಟು ಹಿಡಿದರೆ ಹೆಬ್ಬೆರಳಿನ ಕಡೆಗೆ ತಿರುಗಿಸಿ ಬಿಡಿಸಿಕೊಳ್ಳುವುದು, ಜಡೆ ಎಳೆದಾಗ ಎಳೆಯುವವನ ಕೈಯನ್ನು ತಲೆಗೆ ಒತ್ತಿಹಿಡಿದು ತಿರುಗುವುದು, ಹಿಂದಿನಿಂದ ತಬ್ಬಿದಾಗ ಸೊಂಟ ತಗ್ಗಿಸುವುದು, ಕೆಳಕ್ಕೆ ಬಿದ್ದರೆ ಕಾಲುಗಳನ್ನು ಎದುರಾಳಿಯ ಕಡೆ ಇಟ್ಟುಕೊಂಡು ಏಳುವುದು, ಗಂಟಲು ಬಿಚ್ಚಿ ಕೂಗುವುದು, ಓಡುವುದು, ಇಷ್ಟನ್ನೇ ಪ್ರತಿ ತರಗತಿಯಲ್ಲೂ ಜೋಡಿ ಬದಲಿಸಿ ಮಾಡಿಸಿದರೆ ಮೂರು ತಿಂಗಳಲ್ಲಿ ಮೈಗೆ ಹತ್ತುತ್ತದೆ. ಸಾಲಾಗಿ ನಿಂತು ಗಾಳಿಗೆ ಗುದ್ದಿ ಕೊನೆಗೆ ಹೆಂಚು ಒಡೆದು ಫೋಟೊ ತೆಗೆಸಿಕೊಂಡರೆ ಹತ್ತುವುದಿಲ್ಲ. ಈ ಬಿಡಿಸಿಕೊಳ್ಳುವ ವಿದ್ಯೆಯಲ್ಲಿ ಕುಸ್ತಿ ಮತ್ತು ಜೂಡೊದವರು ಕರಾಟೆಯವರಿಗಿಂತ ಪಳಗಿದವರು. ಆದ್ದರಿಂದ ಇಂಥ ತರಬೇತಿಗೆ ಕರಾಟೆಯ ಶಿಕ್ಷಕಿಯ ಜತೆ ಒಬ್ಬ ಕುಸ್ತಿ ಬಲ್ಲ ಶಿಕ್ಷಕಿಯೂ ಇದ್ದರೆ ಎರಡು ಕಲೆಗಳ ಕೂಡುವಿಕೆಗೆ ಅರ್ಥ ಬರುತ್ತದೆ. ಹಿಂದೆ ಗರಡಿಯ ಹೊಸ್ತಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಈಗ ದಸರಾ ಕುಸ್ತಿಯಲ್ಲಿ ದಸರಾ ಕಿಶೋರಿ ಪ್ರಶಸ್ತಿಗೆ ರಾಜ್ಯದ ಹುಡುಗಿಯರು ಸೆಣಸುತ್ತಿದ್ದಾರೆ, ಅವರಲ್ಲಿ ಕಲಿಸಬಲ್ಲವರೂ ಇದ್ದಾರೆ. ಅವರನ್ನು ಶಾಲೆಗಳಿಗೆ ಕರೆಯಬೇಕು ಮತ್ತು ಕರೆದವರಿಗೆ ಗೌರವಧನವನ್ನು ಕಾಲಕ್ಕೆ ಸರಿಯಾಗಿ ಕೊಡಬೇಕು.

ನನ್ನ ವಾದಕ್ಕೆ ಎದುರಾಗಿ ಬರಬಹುದಾದ ಒಂದು ಮಾತು ಗೊತ್ತಿದೆ. ಮಕ್ಕಳು ಒಂದೇ ಕಲೆಯಲ್ಲಿ ಬೇಸರಪಡುತ್ತಾರೆ, ಬೇರೆ ಬೇರೆ ಕೊಟ್ಟರೆ ಉಳಿಯುತ್ತಾರೆ ಎಂದು ಹಲವು ಪ್ರಾಮಾಣಿಕ ಮಾಸ್ಟರುಗಳೇ ನನಗೆ ಹೇಳಿದ್ದಾರೆ. ಬಾಡಿಗೆ ಕಟ್ಟಿ ತರಗತಿ ನಡೆಸುವವರ ಕಷ್ಟವೂ ಅದರಲ್ಲಿದೆ. ಸಣ್ಣ ಮಕ್ಕಳಿಗೆ ವೈವಿಧ್ಯ ಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಆ ವೈವಿಧ್ಯವನ್ನು ಆಟದಿಂದ ತರಬಹುದು: ಉರುಳುವುದು, ಕಪ್ಪೆಯಂತೆ ಕುಪ್ಪಳಿಸುವುದು, ಹಗ್ಗ ಹತ್ತುವುದು, ಮಲ್ಲಕಂಬ, ಕಬಡ್ಡಿ. ಕಬಡ್ಡಿ ಆಡಿದ ಮಗುವಿಗೆ ಕಾಲು ಹಿಡಿಯುವುದೂ ಬಿಡಿಸಿಕೊಳ್ಳುವುದೂ ಯಾರೂ ಹೇಳಿಕೊಡದೆ ಬಂದಿರುತ್ತದೆ. ಹೀಗೆ ಎಲ್ಲ ಕಲೆಗಳಿಗೂ ಬೇಕಾದ ಮೈಯನ್ನು ಸಿದ್ಧಮಾಡಿ, ಹೆಸರಿಟ್ಟು ಕಲಿಸುವ ಕಲೆಯನ್ನು ಮಾತ್ರ ಒಂದಕ್ಕೆ ಸೀಮಿತಗೊಳಿಸಿದರೆ ಬೇಸರವೂ ಇಲ್ಲ, ಗೊಂದಲವೂ ಇಲ್ಲ. ಹದಿಮೂರು ಹದಿನಾಲ್ಕರ ಹೊತ್ತಿಗೆ ಆ ಒಂದು ಕಲೆಯಲ್ಲಿ ನಿಲುವು, ನಡೆ, ದೂರದ ಅಂದಾಜು ಕೂತ ಮೇಲೆ ಎರಡನೆಯದನ್ನು ತೋರಿಸಲಿ. ಹೊಡೆಯುವ ಕಲೆಯಲ್ಲಿ ಬೆಳೆದವರಿಗೆ ಹಿಡಿಯುವ ಕಲೆ, ಹಿಡಿಯುವ ಕಲೆಯಲ್ಲಿ ಬೆಳೆದವರಿಗೆ ಹೊಡೆಯುವ ಕಲೆ ಎರಡನೆಯದಾದರೆ ಉತ್ತಮ. ಕರಾಟೆಯ ಮೇಲೆ ಕೂಡಲೇ ಟೇಕ್ವಾಂಡೊ ಹೇರಿದರೆ ಹತ್ತಿರದ ಎರಡು ಅಭ್ಯಾಸಗಳು ಒಂದನ್ನೊಂದು ಕೆಡಿಸುತ್ತವೆ ಎಂಬುದು ಕಲಿಸುವಾಗ ನಾನು ಕಂಡುಕೊಂಡದ್ದು.

ಇಷ್ಟಕ್ಕೆಲ್ಲ ದೊಡ್ಡ ಅನುದಾನವೇನೂ ಬೇಡ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ ಮೈಸೂರಿನಲ್ಲಿ ಸಮರಕಲೆ ಕಲಿಸುವವರ ಒಂದು ನೋಂದಣಿ ಪುಸ್ತಕ ಇಡಬಹುದು. ಅದರಲ್ಲಿ ಹೆಸರಿನ ಮುಂದೆ ಅವರು ಕಲಿತ ಕಲೆ, ಗುರು, ಅವಧಿ, ಪ್ರಥಮ ಚಿಕಿತ್ಸೆಯ ತರಬೇತಿ ಇಷ್ಟು ಇದ್ದರೆ ಸಾಕು, ಮತ್ತು ಅದನ್ನು ಪೋಷಕರು ಕೇಳಿದಾಗ ತೋರಿಸಬೇಕು. ಶಾಲಾ ಶಿಕ್ಷಣ ಇಲಾಖೆ ತನ್ನ ಅಂಗಳದಲ್ಲಿ ನಡೆಯುವ ತರಗತಿಗಳಿಗೆ ಒಂದು ಷರತ್ತು ಹಾಕಲಿ: ಎಸೆತ ಕಲಿಸುವುದಾದರೆ ಮ್ಯಾಟು ಇರಬೇಕು, ಇಲ್ಲವಾದರೆ ಎಸೆತ ಬೇಡ. ಬೇರೆ ಬೇರೆ ಕಲೆಗಳ ಮಾಸ್ಟರುಗಳು ಒಬ್ಬರ ಶಿಷ್ಯರನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಾರೆಂಬ ಭಯ ಬಿಟ್ಟು ತಿಂಗಳಿಗೊಂದು ಭಾನುವಾರ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಸೇರಿ, ತಮ್ಮ ತಮ್ಮ ಕಲೆಯ ಒಂದು ಪಾಠವನ್ನು ಇತರರ ಹಿರಿಯ ವಿದ್ಯಾರ್ಥಿಗಳಿಗೆ ಕೊಡಲಿ. ಜಾಗ ಒದಗಿಸುವ ಕೆಲಸ ಇಲಾಖೆಯದು.

ದಸರೆಗೆ ಮೊದಲು ಕುಸ್ತಿ ಜೋಡಿ ಕಟ್ಟುವ ದಿನಗಳಲ್ಲಿ ಊರಿನ ಗರಡಿಗಳು ಬೆಳಗಿನ ಜಾವದಿಂದಲೇ ತುಂಬಿರುತ್ತವೆ. ಆ ದಿನಗಳಲ್ಲಿ ಉಸ್ತಾದರ ಒಪ್ಪಿಗೆ ಪಡೆದು, ಕರಾಟೆ ಮತ್ತು ಜೂಡೊ ಕಲಿಯುವ ದೊಡ್ಡ ಮಕ್ಕಳನ್ನು ಅವರ ಮಾಸ್ಟರುಗಳೇ ಕರೆದುಕೊಂಡು ಹೋಗುವ ಏರ್ಪಾಟನ್ನು ದಸರಾ ಕುಸ್ತಿ ಉಪಸಮಿತಿ ಈ ವರ್ಷವೇ ಮಾಡಬೇಕೆಂದು ಕೋರುತ್ತೇನೆ. ಹುಡುಗಿಯರಿಗೆ ಪ್ರತ್ಯೇಕ ಸಮಯ, ಜತೆಗೆ ಮಹಿಳಾ ಕುಸ್ತಿಪಟುಗಳು ಇರಬೇಕು. ಗರಡಿಯ ನಿಯಮಗಳನ್ನು ಮಕ್ಕಳಿಗೆ ಮೊದಲೇ ತಿಳಿಸಬೇಕು. ಮೊದಲ ಬೆಳಗ್ಗೆ ಪಟ್ಟು ಕಲಿಸುವುದು ಬೇಡ, ಅವರ ಕೈಗೂ ಸಲಿಕೆ ಕೊಟ್ಟು ಮಟ್ಟಿ ಅಗೆಸಲಿ, ಆಮೇಲೆ ದಂಡ ಬಸ್ಕಿ ತೆಗೆಸಲಿ.

ಇಂತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸರಸ್ವತಿಪುರಂ, ಮೈಸೂರು